ಚಳಿಗಾಲದ ಹಕ್ಕಿ ಬೇಕಂದ್ರೆ ಕೆರೆಗೆ ಇಳಿಜಾರು ದಡ ಬೇಕು

ಹಿಂಗಾರಿ ಕಡಲೆ ಹೂವಿಗೆ ಬಂದು, ಬಿಳಿಜೋಳ ತೆನೆ ಹಿಡಿಯುವ ಹೊತ್ತಿಗೆ ನಮ್ಮ ಕೆರೆ, ಹೊಲ, ತೋಟಗಳಿಗೆ ದೂರದ ನೆಂಟರು ಬಂದು ಸೇರಿರುತ್ತಾರೆ. ಮಂಗೋಲಿಯಾ, ಟಿಬೆಟ್, ಮಧ್ಯ ಏಷ್ಯಾ ಕಡೆಯ ಹಕ್ಕಿಗಳು. ಹೆಚ್ಚಿನವು ನವೆಂಬರ್ ಹೊತ್ತಿಗೆ ಬಂದು ಮಾರ್ಚ್ ಸುಮಾರಿಗೆ ಹೊರಡುತ್ತವೆ. "ಎಲ್ಲಿಗೆ ಹೋದ್ರೆ ಕಾಣ್ತವೆ?" ಅಂತ ಪೇಟೆಯ ಗೆಳೆಯರು ನನ್ನನ್ನು ಕೇಳುತ್ತಾರೆ. ರೈತರು ಕೇಳುವುದು ಬೇರೆ: "ಮೊದಲು ನಮ್ಮ ಕೆರೆಗೂ ಬರ್ತಿದ್ವು, ಈಗ್ಯಾಕೆ ಬರಲ್ಲ?" ನನ್ನ ಪ್ರಕಾರ ಎರಡೂ ಪ್ರಶ್ನೆಗೆ ಉತ್ತರ ಕೆರೆಯ ಅಂಚಿನಲ್ಲಿದೆ.

ಮೊದಲು ಎಲ್ಲಿ ನೋಡಬೇಕು ಅನ್ನೋದನ್ನ ಹೇಳ್ತೀನಿ. ಕೆರೆಗೆ ಹೋದವರು ನಡುನೀರನ್ನೇ ನೋಡುತ್ತಾ ನಿಲ್ಲುತ್ತಾರೆ. ನೀವು ಏರಿಯ ಮೇಲಿಂದ ಎದುರು ದಡ ನೋಡಿ. ನೀರು ಪಾದ ಮುಳುಗುವಷ್ಟಿದ್ದು ಕೆಸರು ಕಾಣುವ ಜಾಗದಲ್ಲಿ ಗೊರವಗಳು ಕೊಕ್ಕು ಚುಚ್ಚುತ್ತಾ ಓಡಾಡುತ್ತಿರುತ್ತವೆ. ಅದಕ್ಕಿಂತ ತುಸು ಆಳದಲ್ಲಿ, ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ಸೂಜಿಬಾಲದ ಬಾತು ತಲೆ ಕೆಳಗೆ, ಬಾಲ ಮೇಲೆ ಮಾಡಿ ತಳದ ಬೀಜ, ಬೇರು ಹುಡುಕುತ್ತದೆ. ಇವು ಮುಳುಗಿ ಮೇಯುವ ಹಕ್ಕಿಗಳಲ್ಲ. ಕತ್ತು ಚಾಚಿದರೆ ತಳ ಸಿಗಬೇಕು, ಅಷ್ಟೇ.

ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯನ್ನೇ ನೋಡಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಗೆ ಅದು ದೊಡ್ಡ ತಂಗುದಾಣ. ಅದು ಕಾಡಿನ ಕೆರೆಯಲ್ಲ, ಹೊಲಗಳ ನೀರಾವರಿಗೆ ಮಳೆನೀರು ಹಿಡಿಯಲು ಮಾಡಿದ ಕೆರೆ. 2024ರಲ್ಲಿ ಅದಕ್ಕೆ ರಾಮ್‌ಸಾರ್ ತಾಣದ ಮಾನ್ಯತೆ ಸಿಕ್ಕಿತು. ಅದೇ ವರ್ಷ ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆಗೂ ಸಿಕ್ಕಿತು. ದಕ್ಷಿಣದವರಿಗೆ ಮೈಸೂರು ಬಳಿಯ ಹದಿನಾರು ಕೆರೆ ಹತ್ತಿರ. ಬೆಳಗ್ಗೆ ಬೇಗ ಹೋಗಿ, ಸೂರ್ಯ ಬೆನ್ನಿಗಿರಲಿ.

ಕೆರೆ ಬಿಟ್ಟರೆ ಹೊಲ. ನೇಗಿಲಿನ ಹಿಂದೆ ಬಾಲ ಕುಣಿಸುತ್ತಾ ಬರುವ ಸಿಪಿಲೆ (ಕೆಲವು ಕಡೆ ಕುಂಡೆಕುಸ್ಕ ಅಂತಾರೆ), ಬೇಲಿಗೂಟದ ಮೇಲೆ ಕೂತು ಮಿಡತೆಗೆ ಕಾಯುವ ಕಂದು ಕಳಿಂಗ, ಸಂಜೆ ಹುಲ್ಲುಗಾವಲಿನ ಮೇಲೆ ತಗ್ಗಿನಲ್ಲಿ ತೇಲುವ ಹ್ಯಾರಿಯರ್ ಗಿಡುಗ ಇವೆಲ್ಲ ಚಳಿಗಾಲದವೇ. ಗಿಡುಗ ನೋಡಬೇಕಂದ್ರೆ ರಾಣೆಬೆನ್ನೂರಿನ ಕೃಷ್ಣಮೃಗ ಧಾಮ, ಬೆಂಗಳೂರಿನ ಉತ್ತರಕ್ಕಿರುವ ಹೆಸರಘಟ್ಟ ಹುಲ್ಲುಗಾವಲು ಒಳ್ಳೆಯ ಜಾಗ. ಮಲೆನಾಡಿನವರು ಎಲ್ಲಿಗೂ ಹೋಗಬೇಕಿಲ್ಲ. ಅಡಿಕೆ, ಕಾಫಿ ತೋಟದ ದರಗಿನಲ್ಲಿ ನವರಂಗವೂ ಕಾಡು ಸಿಪಿಲೆಯೂ ಹುಳ ಹೆಕ್ಕುತ್ತಿರುತ್ತವೆ. ದರಗು ಸುಟ್ಟ ತೋಟದಲ್ಲಿ ಅವಕ್ಕೆ ಮೇವಿಲ್ಲ, ಮಣ್ಣಿಗೂ ಗೊಬ್ಬರವಿಲ್ಲ.

ಈಗ ರೈತರ ಪ್ರಶ್ನೆಗೆ ಬರ್ತೀನಿ. ಕೆರೆ ಹೂಳೆತ್ತುವುದಕ್ಕೆ ನನ್ನ ವಿರೋಧ ಇಲ್ಲ. ಕೆರೆಗೋಡು ಹೊಲಕ್ಕೆ ಬಿದ್ದರೆ ಮಣ್ಣು ಸುಧಾರಿಸುತ್ತೆ, ಬೋರ್‌ವೆಲ್‌ಗೂ ನೀರು ಬರುತ್ತೆ. ನನ್ನ ತಕರಾರು ಹೂಳೆತ್ತುವ ರೀತಿಗೆ. ಯಂತ್ರ ಇಳಿಸಿ ದಡದಿಂದಲೇ ನೇರ ಕತ್ತರಿಸಿ, ಕೆರೆಯನ್ನು ಬಾವಿ ಹಾಗೆ ಮಾಡಿಬಿಡ್ತಾರೆ. ಅಂಥ ಕೆರೆ ತುಂಬಿದಾಗ ನೋಡಲು ಚೆಂದ, ಆದರೆ ಕಾಲೂರಲು ಜಾಗವಿಲ್ಲ. ಗೊರವ ಬರಲ್ಲ, ಸೂಜಿಬಾಲದ ಬಾತು ಬಂದರೂ ಒಂದು ಸುತ್ತು ಹಾರಿ ಹೋಗುತ್ತೆ.

ಇದು ಬರೀ ಹಕ್ಕಿಯ ಮಾತಲ್ಲ. ಕಡಿದಾದ ದಡದಲ್ಲಿ ದನ ನೀರಿಗಿಳಿಯಲಾಗದು, ಇಳಿದರೆ ಹತ್ತಲಾಗದು. ಮಣ್ಣು ತೆಗೆದ ಗುಂಡಿಗಳಲ್ಲಿ ಈಜಲು ಹೋದ ಮಕ್ಕಳು ಮುಳುಗಿದ ಸುದ್ದಿ ಓದದ ವರ್ಷವಿಲ್ಲ. ಬಾತಿಗೆ ಬೇಕಾದ ಇಳಿಜಾರು ದಡವೇ ಎಮ್ಮೆಗೂ ಬೇಕು, ಮಕ್ಕಳ ಜೀವಕ್ಕೂ ಬೇಕು.

ನನ್ನ ಸಲಹೆ ಇಷ್ಟು. ಏರಿಯ ಬುಡ ಬಿಟ್ಟು, ಕೆರೆಯ ನಡುಭಾಗದಲ್ಲಿ ಆಳ ಮಾಡಿ. ಹಳ್ಳದ ನೀರು ಕೆರೆಗೆ ಸೇರುವ ಕಡೆಯ ದಡವನ್ನು ಇಳಿಜಾರಾಗಿ ಬಿಡಿ. ಒಂದಡಿ ಆಳಕ್ಕೆ ಕನಿಷ್ಠ ಹತ್ತಡಿ ಅಗಲ ಇರಲಿ. "ಹಾಗೆ ಬಿಟ್ರೆ ನೀರು ಕಡಿಮೆ ನಿಲ್ಲಲ್ವಾ?" ಅಂತ ಕೇಳ್ತೀರಿ. ಸ್ವಲ್ಪ ಕಡಿಮೆ ಆಗುತ್ತೆ, ನಿಜ. ಆದರೆ ಅಂಚು ಮೊದಲೇ ಆಳವಿಲ್ಲದ ಜಾಗ, ಅಲ್ಲಿ ಹಿಡಿಯುವ ನೀರೂ ಕಡಿಮೆ. ಆ ನಷ್ಟವನ್ನು ನಡುವೆ ಇನ್ನಷ್ಟು ಹೂಳು ತೆಗೆದು ತುಂಬಿಕೊಳ್ಳಬಹುದು.

ಹಕ್ಕಿ ಬಂದರೆ ಬೆಳೆಗೆ ಕಷ್ಟ ಅನ್ನೋರಿಗೂ ಒಂದು ಮಾತು. ಹೆಬ್ಬಾತು ಕೆರೆಯಲ್ಲಿ ವಿಶ್ರಮಿಸಿ, ಹೊತ್ತು ಇಳಿದ ಮೇಲೆ ಹೊಲಗಳಿಗೆ ಮೇಯಲು ಹೋಗುತ್ತೆ. ಗುಲಾಬಿ ಕಬ್ಬಕ್ಕಿ ಹಿಂಡು ಜೋಳದ ತೆನೆಗೆ ಬೀಳುತ್ತೆ. ಈ ನಷ್ಟ ಸುಳ್ಳಲ್ಲ, ಅದನ್ನು ರೈತನೊಬ್ಬನೇ ಹೊರಬೇಕು ಅನ್ನೋದು ನ್ಯಾಯವೂ ಅಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿ ಗೂಡು ಕಟ್ಟುವ ಮರಗಳ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತಾ ಬಂದಿದೆ. ಹಕ್ಕಿ ಕೆರೆಗಳ ಸುತ್ತಲಿನ ಕಡಲೆ, ಜೋಳದ ಹೊಲಗಳಿಗೂ ಅಂಥ ವ್ಯವಸ್ಥೆ ಬೇಕು ಅಂತ ಕೇಳುವ ಹಕ್ಕು ನಮಗಿದೆ. ಅಲ್ಲಿವರೆಗೆ ಅಟ್ಟಣಿಗೆ, ತಮಟೆ ಸಾಕು. ವಿಷ ಬೆರೆಸಿದ ಕಾಳು ಮಾತ್ರ ಬೇಡವೇ ಬೇಡ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಮಿಡತೆ, ಇಲಿ ಹಿಡಿಯುವ ಗಿಡುಗವೂ ಅದರಲ್ಲೇ ಸಾಯುತ್ತೆ, ಮನೆಯ ಕೋಳಿ, ನಾಯಿಯೂ ಸಾಯುತ್ತವೆ.

ಈ ಜನವರಿಯಲ್ಲಿ ಒಂದು ಬೆಳಗ್ಗೆ ನಿಮ್ಮೂರ ಕೆರೆ ಸುತ್ತಿ ಬನ್ನಿ. ಹಕ್ಕಿ ಎಲ್ಲಿ ಕೂತಿವೆ, ದನ ಎಲ್ಲಿ ಇಳಿಯುತ್ತಿವೆ ಗಮನಿಸಿ. ಎರಡೂ ಒಂದೇ ದಡವಾಗಿರುವ ಸಾಧ್ಯತೆಯೇ ಹೆಚ್ಚು. ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ಇಟ್ಟುಕೊಳ್ಳಿ. ಹೂಳೆತ್ತುವ ಮಾತು ಗ್ರಾಮ ಪಂಚಾಯ್ತಿಯಲ್ಲಿ ಬಂದಾಗ ಅದನ್ನು ತೋರಿಸಿ, "ಈ ದಡ ಮುಟ್ಟಬೇಡಿ" ಅಂತ ನಡಾವಳಿಯಲ್ಲಿ ಬರೆಸಿ. ಬೇಸಿಗೆಯಲ್ಲಿ ಯಂತ್ರ ಕೆರೆಗೆ ಇಳಿದ ಮೇಲೆ ಹೇಳಿದರೆ ಯಾರೂ ಕೇಳಲ್ಲ.