ಕೋಲಿಗೆ ಅಂಟಿಸಿದ ಹೆಸರು, ಮೈಗೆ ಬೇಕಾದ ಅಳತೆ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಸಾಲದ ವಿಷಯಕ್ಕೆ ಸರಿ. ಗಾಲ್ಫ್ ಡ್ರೈವರ್ ಮಾರುವವರು ಅದನ್ನೇ ಆಟಗಾರನ ಮೈಗೂ ಅನ್ವಯಿಸುತ್ತಾರೆ. ಅಂಗಡಿಯಲ್ಲಿ ಏನಿದೆಯೋ ಅದಕ್ಕೆ ನೀವು ಬಗ್ಗಬೇಕು. ನನ್ನ ತಕರಾರು ಇರುವುದು ಇಲ್ಲೇ.

ಕಾಸರಗೋಡಿನಿಂದ ಬಂದು ಕೊಚ್ಚಿಯಲ್ಲಿ ನೆಲೆಸಿದ ನನ್ನ ಸೋದರಮಾವನಿಗೆ ಈಗ 64. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಬೋಳ್ಗಾಟ್ಟಿ ದ್ವೀಪದ ಒಂಬತ್ತು ಹೋಲ್‌ಗಳ ಮೈದಾನದಲ್ಲಿ ಆಡಲು ಕಲಿತರು. ಎರಡು ವರ್ಷದ ಹಿಂದೆ ಇಲ್ಲಿನ ಅಂಗಡಿಯೊಂದು ಅವರಿಗೆ 9 ಡಿಗ್ರಿ ಲಾಫ್ಟಿನ, 45.5 ಇಂಚಿನ, ‘ಸ್ಟಿಫ್’ ಎಂದು ಬರೆದ ಡ್ರೈವರ್ ಮಾರಿತು. ಚೆಂಡು ತಗ್ಗಿನಲ್ಲಿ ಹೊರಟು ಬಲಕ್ಕೆ ಜಾರುತ್ತಿತ್ತು. ಮಾವ ದೂರಿದ್ದು ಕೋಲನ್ನಲ್ಲ, ತಮ್ಮ ವಯಸ್ಸನ್ನು. ಇನ್ನೂ ಜೋರಾಗಿ ಬೀಸಿ ಮೊಣಕೈ ನೋವು ತಂದುಕೊಂಡರು. ಆಟವನ್ನೇ ಬಿಡುವ ಮಾತೂ ಬಂತು.

ಭಾಷಾಶಾಸ್ತ್ರ ಓದಿದವರು ಮೊದಲು ಕೇಳುವ ಪ್ರಶ್ನೆ, ‘ಸ್ಟಿಫ್’ ಎಂದರೇನು? ಪದಕ್ಕೆ ಅರ್ಥ ಬರುವುದು ಬಳಸುವವರ ಒಪ್ಪಂದದಿಂದ. ಶಾಫ್ಟುಗಳ ಮೇಲಿನ ಲೇಡೀಸ್, ಸೀನಿಯರ್, ರೆಗ್ಯುಲರ್, ಸ್ಟಿಫ್ ಎಂಬ ಹೆಸರುಗಳಿಗೆ ಉದ್ಯಮದಲ್ಲಿ ಒಂದೇ ಮಾನದಂಡವಿಲ್ಲ. ಒಂದು ಕಂಪನಿಯ ರೆಗ್ಯುಲರ್ ಇನ್ನೊಂದರ ಸ್ಟಿಫ್‌ನಷ್ಟು ಬಿಗಿಯಾಗಿರಬಹುದು. ಅಳತೆ ಹೇಳದ ಈ ಪದಗಳು ಜಾತಿ ಮಾತ್ರ ಹೇಳುತ್ತವೆ: ನೀನು ಹೆಣ್ಣು, ನೀನು ಮುದುಕ, ನೀನು ಗಂಡಸು. ವೇಗವಾಗಿ ಬೀಸುವ ಹುಡುಗಿಗೆ ‘ಲೇಡೀಸ್’ ಕೊಡುವುದೂ, ನಿಧಾನಕ್ಕೆ ಬೀಸುವ ಗಂಡಸು ಮರ್ಯಾದೆಗಾಗಿ ‘ಸ್ಟಿಫ್’ ಕೊಳ್ಳುವುದೂ ಇದೇ ಸುಳ್ಳಿನ ಎರಡು ಮುಖ.

ಕೇಳಬೇಕಾದ್ದು ಬೇರೆಯೇ ಇದೆ. ತಲೆ ಎಷ್ಟು ವೇಗದಲ್ಲಿ ಬರುತ್ತದೆ? ಚೆಂಡು ಮುಖದ ಯಾವ ಭಾಗಕ್ಕೆ ತಾಗುತ್ತದೆ? ಯಾವ ಕೋನದಲ್ಲಿ, ಎಷ್ಟು ತಿರುಗುತ್ತಾ ಏಳುತ್ತದೆ? ನಿಧಾನ ಬೀಸುವವರಿಗೆ ಹೆಚ್ಚು ಲಾಫ್ಟ್ ಬೇಕು. ಇಲ್ಲದಿದ್ದರೆ ಚೆಂಡು ಗಾಳಿಯಲ್ಲಿ ನಿಲ್ಲದೆ ಬೇಗ ಬೀಳುತ್ತದೆ. ಕೋಲು ಉದ್ದವಾದಷ್ಟೂ ಮಧ್ಯಕ್ಕೆ ತಾಗಿಸುವುದು ಕಷ್ಟ. ನಿಯಮ 48 ಇಂಚಿನವರೆಗೆ ಅವಕಾಶ ಕೊಡುತ್ತದೆ. 2022ರಿಂದ ಸ್ಪರ್ಧೆಗಳು ಅದನ್ನು 46ಕ್ಕೆ ಇಳಿಸಬಹುದು. ಅವಕಾಶ ಇದೆ ಎಂದ ಮಾತ್ರಕ್ಕೆ ಅಷ್ಟು ಉದ್ದ ಬೇಕೆಂದಲ್ಲ.

ತಿರುವನಂತಪುರದ ಕವಡಿಯಾರ್‌ನಲ್ಲಿ ಒಬ್ಬ ಕೋಚ್ ಡ್ರೈವರ್ ಮುಖಕ್ಕೆ ಪೌಡರ್ ಸ್ಪ್ರೇ ಹೊಡೆದು ಮಾವನಿಂದ ಹತ್ತು ಚೆಂಡು ಹೊಡೆಸಿದರು. ಗುರುತುಗಳೆಲ್ಲ ಹಿಮ್ಮಡಿಯ ಕಡೆ ಗುಂಪಾಗಿದ್ದವು. ಆ ಪರೀಕ್ಷೆಗೆ ಬೇಕಾದ್ದು ಕಾಲಿಗೆ ಹಾಕುವ ಪೌಡರ್ ಮಾತ್ರ. ಅಂಗಡಿ ಅದನ್ನೂ ಮಾಡಿರಲಿಲ್ಲ.

‘ಇದೆಲ್ಲ ಹಣವಂತರ ಚಟ’ ಎನ್ನುವವರಿಗೆ ಉತ್ತರ: ದುಬಾರಿಯಾದದ್ದು ತಪ್ಪು ಕೋಲು. ಕೈಯಲ್ಲಿರುವುದನ್ನೇ ಒಂದು ಇಂಚು ಕತ್ತರಿಸಿ, ಹಗುರವಾದಂತೆ ತೋರುವ ತಲೆಗೆ ಸುಮಾರು 12 ಗ್ರಾಂ ಸೀಸದ ಪಟ್ಟಿ ಅಂಟಿಸಬಹುದು. ಕತ್ತು ತಿರುಗಿಸುವ ವ್ಯವಸ್ಥೆಯಿದ್ದರೆ ಲಾಫ್ಟನ್ನೂ ಸ್ವಲ್ಪ ಏರಿಸಬಹುದು. ಹೀಗೆ ಹೇಳುವ ಫಿಟ್ಟರ್‌ಗೆ ಹೊಸ ಕೋಲು ಮಾರುವ ಅವಕಾಶ ತಪ್ಪುತ್ತದೆ. ಆದ್ದರಿಂದಲೇ ‘ಕೊಂಡರೆ ಫಿಟ್ಟಿಂಗ್ ಉಚಿತ’ ಎಂಬ ಫಲಕವನ್ನು ನಾನು ನಂಬುವುದಿಲ್ಲ. ಅಳೆಯುವವನಿಗೆ ಅಳೆದದ್ದಕ್ಕೇ ಹಣ ಕೊಡಿ.

ಪರದೆಯ ಮೇಲಿನ ‘ಒಟ್ಟು ದೂರ’ವನ್ನೂ ನಂಬಬೇಡಿ. ಅದರಲ್ಲಿ ಚೆಂಡು ನೆಲಕ್ಕೆ ಬಿದ್ದು ಉರುಳುವ ಲೆಕ್ಕ ಸೇರಿರುತ್ತದೆ. ಜೂನ್‌ನಿಂದ ನವೆಂಬರ್‌ವರೆಗೆ ಎರಡೆರಡು ಮಳೆಗಾಲ ಕಾಣುವ ಕೇರಳದ ಒದ್ದೆ ಹುಲ್ಲಿನಲ್ಲಿ ಉರುಳುವುದೆಲ್ಲಿ ಬಂತು? ಇಲ್ಲಿ ಲೆಕ್ಕಕ್ಕೆ ಬರುವುದು ಗಾಳಿಯಲ್ಲಿ ಹೋದ ದೂರ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅಳತೆ ಮಾಡಿಸಿ ನೆಡುಂಬಾಶ್ಶೇರಿಯಲ್ಲಿ ಆಡುವವರಿಗೆ, ದಟ್ಟ ಗಾಳಿಯಿಂದಾಗಿ, ಆ ದೂರವೂ ಶೇಕಡಾ ಮೂರರಷ್ಟು ಕಡಿಮೆಯಾಗುತ್ತದೆ.

ದೂರವೇ ಸರ್ವಸ್ವ ಎನ್ನುವವರು ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ನೆನೆಯಲಿ. 2021ರ ಆಗಸ್ಟಿನಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅತಿ ಕಡಿಮೆ ದೂರ ಹೊಡೆಯುವವರ ಸಾಲಿನಲ್ಲಿದ್ದೂ ಅವರು ನಾಲ್ಕನೆಯವರಾದರು. ಪದಕ ತಪ್ಪಿದ್ದು ಒಂದೇ ಹೊಡೆತದಲ್ಲಿ.

ಮಾವನ ಕತೆ ಮುಗಿದಿಲ್ಲ. ಕೋಚ್ ಸೂಚಿಸಿದ ಮೆತುವಾದ ಶಾಫ್ಟಿನ ಮೇಲೆ ‘ಸೀನಿಯರ್’ ಎಂದಿತ್ತು. “ಮುದುಕರ ಕೋಲು ನನಗೆ ಬೇಡ ಮಾರಾಯ” ಎಂದರು. “ಮಾವ, ನಿಮ್ಮ ಮೊಣಕೈಗೆ ಓದಲು ಬರುತ್ತದೆಯೇ?” ಎಂದು ಕೇಳಿದೆ. ಅವರು ನಗಲಿಲ್ಲ. ಕೋಚ್ ಏನೂ ಮಾತಾಡದೆ, ಬರಹ ಕೆಳಮುಖವಾಗುವಂತೆ ಶಾಫ್ಟನ್ನು ಕೂರಿಸಿಕೊಟ್ಟರು. ಈಗ ಚೆಂಡು ಸುಮಾರು ಹದಿನೈದು ಗಜ ಹೆಚ್ಚು ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಹುಡುಕಿದರೆ ಸಿಗುತ್ತದೆ. ಮಾವ ವಾರಕ್ಕೆ ಮೂರು ದಿನ ಆಡುತ್ತಾರೆ.

ಹೆಸರು ಕೆಳಗಿರಲಿ, ಅಳತೆ ಮೇಲಿರಲಿ. ಅಂಗಡಿಯವನು ನಿಮ್ಮ ವಯಸ್ಸು ಕೇಳಿ ಕೋಲು ಕೊಟ್ಟರೆ, ಹತ್ತು ಚೆಂಡು ಹೊಡೆದು ತೋರಿಸುತ್ತೇನೆ ಎನ್ನಿ. ನೋಡಲು ಬಿಡುವಿಲ್ಲ ಎಂದರೆ ಬರಿಗೈಯಲ್ಲಿ ಹೊರಗೆ ಬನ್ನಿ.