ಅಭಿಮಾನಿಯೇ ಅಂಗಡಿಕಾರನಾದಾಗ

'ವ್ಯಾಪಾರಂ ದ್ರೋಹಚಿಂತನಂ' ಎಂಬ ಹಳೆಯ ಮಾತೊಂದು ಜನರ ಬಾಯಲ್ಲಿ ಉಳಿದುಬಂದಿದೆ. ವ್ಯಾಪಾರಿಯಾದವನು ಕೊಳ್ಳುವವನ ಹಿತವನ್ನು ಬಯಸಲಾರನು, ಅಗ್ಗಕ್ಕೆ ಕೊಂಡು ದುಬಾರಿಗೆ ಮಾರುವುದೊಂದೇ ಅವನ ಬಾಳಿನ ಗುರಿ ಎಂಬ ಅನುಮಾನವು ಈ ಮಾತಿನಲ್ಲಿ ಅಡಗಿದೆ. ಇದು ಎಲ್ಲ ವ್ಯಾಪಾರಕ್ಕೂ ಒಪ್ಪುವ ಮಾತಲ್ಲ. ಮಾರುವ ವಸ್ತುವನ್ನು ಮೊದಲು ತಾನೇ ಪ್ರೀತಿಸಿ, ಆ ಪ್ರೀತಿಯ ಕಾರಣದಿಂದಲೇ ಅಂಗಡಿ ತೆರೆದವರೂ ಲೋಕದಲ್ಲಿದ್ದಾರೆ. ಅಮೆರಿಕದ ಚಿತ್ರಕಥಾ ಪುಸ್ತಕಗಳ ಅಂಗಡಿಕಾರರಲ್ಲಿ ಅನೇಕರು ಅಂಥವರು. ಅವರ ದುಡಿಮೆ ಇಲ್ಲದಿದ್ದಲ್ಲಿ ಆ ದೇಶದ ಜನಪ್ರಿಯ ಕಲೆಯೊಂದು 1970ರ ದಶಕದಲ್ಲಿಯೇ ಸೊರಗಿಹೋಗುತ್ತಿತ್ತೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಚಿತ್ರಕಥಾ ಪುಸ್ತಕವೆಂದರೆ ಕನ್ನಡನಾಡಿನ ಓದುಗರಿಗೆ ಒಡನೆಯೇ ನೆನಪಾಗುವುದು, ಕಾರ್ಕಳದಲ್ಲಿ ಜನಿಸಿದ ಅನಂತ ಪೈ ಅವರ ಸಂಪಾದಕತ್ವದಲ್ಲಿ 1967ರಿಂದ ಹೊರಬಂದ ಅಮರ ಚಿತ್ರ ಕಥೆಯ ಮಾಲೆ. ಅಮೆರಿಕದಲ್ಲಿ ಇಂಥ ಪುಸ್ತಕಗಳು ಅದಕ್ಕೂ ಮೂರು ದಶಕಗಳ ಹಿಂದೆಯೇ ಮನೆಮಾತಾಗಿದ್ದವು. 1938ರಲ್ಲಿ ಸೂಪರ್‌ಮ್ಯಾನ್ ಎಂಬ ಅದ್ಭುತ ಸಾಹಸಿಯನ್ನು ಪರಿಚಯಿಸಿದ ಆಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆಯ ಬೆಲೆ ಕೇವಲ 10 ಸೆಂಟು. ಪತ್ರಿಕೆ ಮಾರುವ ಕಟ್ಟೆಗಳಲ್ಲಿಯೂ ಔಷಧದ ಅಂಗಡಿಗಳಲ್ಲಿಯೂ ಇವು ದೊರೆಯುತ್ತಿದ್ದವು. ಅಲ್ಲಿ ಮಾರುವವನಿಗೆ ಪುಸ್ತಕದೊಳಗೆ ಏನಿದೆಯೆಂಬ ಕುತೂಹಲವಿರಲಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ. ಮಾರಾಟವಾಗದೆ ಉಳಿದ ಪ್ರತಿಗಳ ರಕ್ಷಾಪುಟವನ್ನು ಹರಿದು ಹಿಂದಿರುಗಿಸಿದರೆ ಅವನ ಹಣ ಅವನಿಗೆ ಬರುತ್ತಿತ್ತು. ಉಳಿದ ಭಾಗವು ರದ್ದಿಯಾಗುತ್ತಿತ್ತು. ಒಬ್ಬ ಕಲಾವಿದನು ತಿಂಗಳುಗಟ್ಟಲೆ ಕುಳಿತು ಬರೆದ ಚಿತ್ರಗಳಿಗೆ ಇದಕ್ಕಿಂತ ಹೆಚ್ಚಿನ ಅವಮಾನ ಬೇರೆ ಯಾವುದಿದ್ದೀತು?

ಆದರೆ ಓದಿದವರೆಲ್ಲರೂ ಆ ಪುಸ್ತಕಗಳನ್ನು ರದ್ದಿಯೆಂದು ಬಗೆಯಲಿಲ್ಲ. ಬಾಲ್ಯದಲ್ಲಿ ಓದಿದ ಸಂಚಿಕೆಗಳನ್ನು ಪೆಟ್ಟಿಗೆಗಳಲ್ಲಿ ಜೋಪಾನವಾಗಿಟ್ಟುಕೊಂಡು ಬೆಳೆದ ತರುಣರು ಹಲವು ಊರುಗಳಲ್ಲಿದ್ದರು. ತಮ್ಮಂತೆಯೇ ಇನ್ನೊಬ್ಬನೂ ಇದ್ದಾನೆಂದು ಅವರಲ್ಲಿ ಬಹುಮಂದಿಗೆ ತಿಳಿದೇ ಇರಲಿಲ್ಲ. 1964ರ ಜುಲೈ ತಿಂಗಳಲ್ಲಿ ನ್ಯೂಯಾರ್ಕ್ ನಗರದಲ್ಲಿ ಇಂಥವರ ಒಂದು ಪುಟ್ಟ ಕೂಟ ಸೇರಿತು. ಮರುವರ್ಷ ಡೆಟ್ರಾಯಿಟ್ ನಗರದಲ್ಲಿಯೂ ಸಮ್ಮೇಳನ ನಡೆಯಿತು. 1970ರ ಆಗಸ್ಟ್ ತಿಂಗಳಿನಲ್ಲಿ ಸ್ಯಾನ್ ಡಿಯಾಗೋ ನಗರದ ಹೋಟೆಲೊಂದರಲ್ಲಿ ಮೂರು ದಿನಗಳ ಸಮ್ಮೇಳನಕ್ಕೆ ಸುಮಾರು 300 ಮಂದಿ ಬಂದರು. ಅದೇ ಸಮ್ಮೇಳನವು ಮುಂದೆ ಲಕ್ಷಕ್ಕೂ ಮಿಗಿಲಾದ ಜನರು ನೆರೆಯುವ ಮಹಾಜಾತ್ರೆಯಾಗಿ ಬೆಳೆಯಿತು.

ಈ ಸಮ್ಮೇಳನಗಳ ಒಂದು ಮೂಲೆಯಲ್ಲಿ ಸಾಲುಸಾಲಾಗಿ ಮೇಜುಗಳನ್ನು ಹಾಕಿರುತ್ತಿದ್ದರು. ಬಾಡಿಗೆ ತೆತ್ತು ಒಂದು ಮೇಜನ್ನು ಹಿಡಿದ ಅಭಿಮಾನಿಯು ತನ್ನಲ್ಲಿ ಎರಡೆರಡು ಪ್ರತಿಗಳಿದ್ದ ಸಂಚಿಕೆಗಳನ್ನು ಅಲ್ಲಿ ಹರಡಿ ಕೂರುತ್ತಿದ್ದನು. ಬಂದ ಹಣದಿಂದ ತನ್ನಲ್ಲಿಲ್ಲದ ಸಂಚಿಕೆಯನ್ನು ಪಕ್ಕದ ಮೇಜಿನವನಿಂದ ಕೊಳ್ಳುತ್ತಿದ್ದನು. ವ್ಯಾಪಾರದ ಓನಾಮವನ್ನು ಅವನು ಕಲಿತದ್ದು ಹೀಗೆ. ಯಾವ ಸಂಚಿಕೆ ವಿರಳ, ಯಾವುದು ಹೇರಳ, ಬೆನ್ನು ಮಡಿಚಿದ ಪ್ರತಿಗೂ ಹೊಸದರಂತಿರುವ ಪ್ರತಿಗೂ ಬೆಲೆಯಲ್ಲಿ ಎಷ್ಟು ಅಂತರ ಎಂಬುದನ್ನು ಯಾವ ಪಾಠಶಾಲೆಯೂ ಅವನಿಗೆ ಹೇಳಿಕೊಟ್ಟಿರಲಿಲ್ಲ. 1970ರಲ್ಲಿ ರಾಬರ್ಟ್ ಓವರ್‌ಸ್ಟ್ರೀಟ್ ಎಂಬವರು ಹಳೆಯ ಸಂಚಿಕೆಗಳ ಬೆಲೆಪಟ್ಟಿಯೊಂದನ್ನು ಪುಸ್ತಕರೂಪದಲ್ಲಿ ಹೊರತಂದ ಬಳಿಕ ಈ ವಿದ್ಯೆಗೆ ಒಂದು ಶಾಸ್ತ್ರದ ರೂಪ ಬಂದಿತು.

ಇಂಥ ಸಮ್ಮೇಳನಗಳನ್ನು ನಡೆಸಿದವರಲ್ಲಿ ಫಿಲ್ ಸ್ಯೂಲಿಂಗ್ ಪ್ರಮುಖರು. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಪ್ರೌಢಶಾಲೆಯೊಂದರಲ್ಲಿ ಅವರು ಇಂಗ್ಲಿಷ್ ಉಪಾಧ್ಯಾಯರಾಗಿದ್ದರು. ಚಿತ್ರಕಥೆಗಳನ್ನು ಓದಿ ಮಕ್ಕಳು ಕೆಟ್ಟುಹೋಗುತ್ತಾರೆಂದು ದೊಡ್ಡವರು ಗೊಣಗುತ್ತಿದ್ದ ಕಾಲದಲ್ಲಿ ಒಬ್ಬ ಉಪಾಧ್ಯಾಯರೇ ಅವುಗಳ ಹಬ್ಬವನ್ನು ನಡೆಸಿದರೆಂಬುದು ಸ್ವಾರಸ್ಯವಾದ ಸಂಗತಿ. ಅಭಿಮಾನಿಗಳ ಹಸಿವೆಷ್ಟೆಂಬುದನ್ನು ಕಣ್ಣಾರೆ ಕಂಡಿದ್ದ ಅವರು ಪ್ರಕಾಶಕರ ಮುಂದೆ ಒಂದು ಹೊಸ ಒಪ್ಪಂದವನ್ನು ಇಟ್ಟರು. 'ಪುಸ್ತಕಗಳನ್ನು ನೇರವಾಗಿ ನಮಗೆ ಕೊಡಿ, ಹೆಚ್ಚಿನ ರಿಯಾಯಿತಿಯನ್ನೂ ಕೊಡಿ. ಉಳಿದ ಒಂದು ಪ್ರತಿಯನ್ನೂ ನಾವು ಹಿಂದಿರುಗಿಸುವುದಿಲ್ಲ' ಎಂಬುದು ಅದರ ತಿರುಳು. 1970ರ ದಶಕದ ಮೊದಲ ವರ್ಷಗಳಲ್ಲಿ ಜಾರಿಗೆ ಬಂದ ಈ ಪದ್ಧತಿಯೇ ಚಿತ್ರಕಥೆಗಳ ಅಂಗಡಿಯನ್ನು ಒಂದು ಸ್ವತಂತ್ರ ವೃತ್ತಿಯನ್ನಾಗಿ ಮಾಡಿತು. ಸ್ಯೂಲಿಂಗ್ 1984ರಲ್ಲಿ ತೀರಿಕೊಂಡರು.

ಹಿಂದಿರುಗಿಸುವಂತಿಲ್ಲ ಎಂಬ ಆ ಒಂದು ನಿಯಮದಲ್ಲಿ ಅಂಗಡಿಕಾರನ ಇಡೀ ಬದುಕು ಅಡಗಿದೆ. ಒಂದು ಸಂಚಿಕೆಯ ಬೆಲೆ 1 ಡಾಲರು, ಅಂಗಡಿಕಾರನಿಗೆ ದೊರೆಯುವ ರಿಯಾಯಿತಿ ನೂರಕ್ಕೆ 40 ಎಂದು ಭಾವಿಸೋಣ. 20 ಪ್ರತಿಗಳನ್ನು ತರಿಸಿದರೆ ಅವನು 12 ಡಾಲರು ತೆರಬೇಕು. 12 ಪ್ರತಿ ಮಾರಾಟವಾಗುವವರೆಗೆ ಅವನಿಗೆ ಬರುವುದು ಹಾಕಿದ ಬಂಡವಾಳ ಮಾತ್ರ. ಬಾಡಿಗೆ, ದೀಪದ ವೆಚ್ಚ, ಕೆಲಸದವನ ಸಂಬಳ, ಮನೆಯವರ ಊಟ, ಇವೆಲ್ಲವೂ ಕೊನೆಯ 8 ಪ್ರತಿಗಳಿಂದಲೇ ಹುಟ್ಟಬೇಕು. 20ರ ಬದಲು 30 ತರಿಸಿ 18 ಮಾರಿದರೆ ಒಂದು ಬಿಡಿಗಾಸೂ ಮಿಗುವುದಿಲ್ಲ. ಹತ್ತೇ ತರಿಸಿದನೆಂದರೆ ಹನ್ನೊಂದನೆಯ ಗಿರಾಕಿಯು ಬರಿಗೈಯಲ್ಲಿ ಹಿಂದಿರುಗಿ, ಮುಂದಿನ ವಾರ ಬೇರೆ ಅಂಗಡಿಯ ಮೆಟ್ಟಿಲೇರುತ್ತಾನೆ. ಈ ನಿರ್ಧಾರವನ್ನು ಅವನು ಪುಸ್ತಕವನ್ನು ಕಣ್ಣಿನಿಂದ ನೋಡುವ ಮೊದಲೇ, ಎರಡು ತಿಂಗಳಷ್ಟು ಮುಂಚಿತವಾಗಿ, ಬರಿಯ ಪಟ್ಟಿಯನ್ನು ಓದಿ ಕೈಗೊಳ್ಳಬೇಕು. ಪಟ್ಟಿಯಲ್ಲಿ ನೂರಾರು ಹೆಸರುಗಳಿರುತ್ತವೆ. ಮಳೆಯನ್ನು ನಂಬಿ ಬಿತ್ತುವ ರೈತನ ಸ್ಥಿತಿಗೂ ಇವನ ಸ್ಥಿತಿಗೂ ಹೆಚ್ಚಿನ ವ್ಯತ್ಯಾಸವಿಲ್ಲ.

ಈ ಹಾದಿಯನ್ನು ತುಳಿದವರಲ್ಲಿ ಚಕ್ ರೊಜಾನ್ಸ್ಕಿ ಅವರ ಜೀವನ ಗಮನಾರ್ಹವಾದುದು. 1955ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕಕ್ಕೆ ಬಂದ ಅವರು 1969ರಲ್ಲಿ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ, ತಂದೆತಾಯಿಗಳ ಮನೆಯ ನೆಲಮಾಳಿಗೆಯಲ್ಲಿ ಹಳೆಯ ಸಂಚಿಕೆಗಳ ಮಾರಾಟ ಆರಂಭಿಸಿದರು. ಸಮ್ಮೇಳನಗಳಿಗೆ ಪೆಟ್ಟಿಗೆಗಳನ್ನು ಹೊತ್ತೊಯ್ದು ಮಾರಿದರು. 1974ರಲ್ಲಿ ಬೋಲ್ಡರ್ ಪಟ್ಟಣದಲ್ಲಿ ತಮ್ಮ ಮೊದಲ ಅಂಗಡಿಯನ್ನು ತೆರೆದಾಗ ಅವರಿಗೆ ಇನ್ನೂ ಇಪ್ಪತ್ತು ದಾಟಿರಲಿಲ್ಲ. 1977ರಲ್ಲಿ ಎಡ್ಗರ್ ಚರ್ಚ್ ಎಂಬ ವೃದ್ಧ ಚಿತ್ರಕಾರರ ಮನೆಯಲ್ಲಿದ್ದ ಸಂಗ್ರಹವು ಅವರ ಕೈಸೇರಿತು. ಜಾಹೀರಾತಿನ ಚಿತ್ರಗಳನ್ನು ಬರೆದು ಬಾಳಿದ ಚರ್ಚ್ ಅವರು ದಶಕಗಳ ಕಾಲ ಕೊಂಡಿಟ್ಟಿದ್ದ ಸಾವಿರಾರು ಸಂಚಿಕೆಗಳು ಕಾಗದ ಹಳದಿಗಟ್ಟದೆ, ಅಚ್ಚಿನ ಬಣ್ಣ ಮಾಸದೆ ಉಳಿದಿದ್ದವು. ಅವುಗಳಲ್ಲಿ 1938ರ ಆ ಮೊದಲ ಸೂಪರ್‌ಮ್ಯಾನ್ ಸಂಚಿಕೆಯೂ ಇತ್ತು. ಅಭಿಮಾನಿಯಾದವನು ಅಂಥ ನಿಧಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಕೊಳ್ಳುತ್ತಿದ್ದನು. ರೊಜಾನ್ಸ್ಕಿ ಅದನ್ನು ಮಾರಿದರು. ಆ ಹಣದಿಂದ ಅಂಗಡಿಯನ್ನು ಬೆಳೆಸಿದರು.

ಅಭಿಮಾನಿಗೂ ಅಂಗಡಿಕಾರನಿಗೂ ಇರುವ ಗೆರೆ ಇಲ್ಲಿದೆ. ತನಗೆ ಅತ್ಯಂತ ಪ್ರಿಯವಾದುದನ್ನೇ ಮೊದಲು ಬಿಟ್ಟುಕೊಡಲು ಸಿದ್ಧನಿಲ್ಲದವನು ಅಂಗಡಿಯನ್ನು ತೆರೆಯಬಾರದು. ಒಳ್ಳೆಯ ಪ್ರತಿಗಳನ್ನು ತನಗಾಗಿ ಆರಿಸಿಟ್ಟುಕೊಂಡು ಮಿಕ್ಕುದನ್ನು ಗಿರಾಕಿಗಳ ಮುಂದಿಡುವವನ ಕಪಾಟುಗಳು ಬಹುಬೇಗ ಬಡವಾಗುತ್ತವೆ. ಹಾಗೆಂದು ಓದುವುದನ್ನು ಬಿಟ್ಟು ಲೆಕ್ಕದ ಪುಸ್ತಕವೊಂದನ್ನೇ ಹಿಡಿದು ಕುಳಿತವನೂ ಗೆಲ್ಲಲಾರನು. ಎಷ್ಟು ಪ್ರತಿ ತರಿಸಬೇಕೆಂಬ ಅಂದಾಜು ಹುಟ್ಟುವುದು ಓದಿನಿಂದ ಮತ್ತು ಗಿರಾಕಿಗಳ ಪರಿಚಯದಿಂದ. ಪ್ರತಿ ವಾರವೂ ತಪ್ಪದೆ ಬರುವವರ ಹೆಸರಿನಲ್ಲಿ ಅವರವರ ಮೆಚ್ಚಿನ ಸಂಚಿಕೆಗಳನ್ನು ಎತ್ತಿಡುವ ಪದ್ಧತಿ ಈ ಅಂಗಡಿಗಳಲ್ಲಿದೆ. ಬುಧವಾರ ಹೊಸ ಸಂಚಿಕೆಗಳ ದಿನ. ಅದಕ್ಕಾಗಿ ಪೆಟ್ಟಿಗೆಗಳನ್ನು ಬಿಚ್ಚಿ, ಎಣಿಸಿ, ಮೂಲೆ ಮುರಿದವನ್ನು ಬೇರ್ಪಡಿಸಿ, ಎತ್ತಿಡಬೇಕಾದವನ್ನು ಎತ್ತಿಟ್ಟು ಬಾಗಿಲು ತೆರೆಯಬೇಕು. ಸಮ್ಮೇಳನದ ಗದ್ದಲ, ಸಂಭ್ರಮಗಳು ಇಲ್ಲಿಲ್ಲ. ವರ್ಷದ ಹೆಚ್ಚಿನ ದಿನಗಳು ಧೂಳು ಒರೆಸುವುದರಲ್ಲಿಯೂ ಲೆಕ್ಕ ಬರೆಯುವುದರಲ್ಲಿಯೂ ಕಳೆಯುತ್ತವೆ.

ಅವನ ಪ್ರಾಮಾಣಿಕತೆಗೆ ನಿಜವಾದ ಪರೀಕ್ಷೆ ಒದಗುವುದು ಬೇರೊಂದು ಸಂದರ್ಭದಲ್ಲಿ. ತೀರಿಕೊಂಡ ಗಂಡನ ಹಳೆಯ ಪುಸ್ತಕಗಳ ಪೆಟ್ಟಿಗೆಯನ್ನು ಹೊತ್ತು ಒಬ್ಬ ಹೆಂಗಸು ಅಂಗಡಿಗೆ ಬರುತ್ತಾಳೆಂದು ಊಹಿಸೋಣ. ಅವುಗಳ ಬೆಲೆ ಅವಳಿಗೆ ತಿಳಿಯದು, ಅಂಗಡಿಕಾರನಿಗೆ ತಿಳಿದಿದೆ. ಕೇಳಿದಷ್ಟು ಕೊಟ್ಟು ಕೈತೊಳೆದುಕೊಂಡರೆ ಕಾನೂನು ಅವನನ್ನು ಏನೂ ಮಾಡಲಾರದು. ಆದರೂ ಬಲ್ಲವನು ಬಾಯಿ ಮುಚ್ಚಿಕೊಂಡಿರುವುದು ಸುಳ್ಳು ಹೇಳಿದಂತೆಯೇ ಸರಿ. ತನ್ನ ಲಾಭಕ್ಕೂ ಅಂಗಡಿಯ ಖರ್ಚಿಗೂ ಇಷ್ಟೆಂದು ತೋರಿಸಿ, ಪೆಟ್ಟಿಗೆಯಲ್ಲಿರುವುದರ ನಿಜವಾದ ಬೆಲೆಯನ್ನು ಬಿಚ್ಚಿ ಹೇಳಿದವನನ್ನು ದ್ರೋಹಚಿಂತಕನೆನ್ನಲು ಯಾರಿಗೂ ಬಾಯಿ ಬಾರದು.

ಈ ಅಂಗಡಿಗಳು ಹೆಚ್ಚಿದಂತೆ ಕಲೆಯ ಸ್ವರೂಪವೂ ಬದಲಾಯಿತು. 1981ರಲ್ಲಿ ಮಾರ್ವೆಲ್ ಸಂಸ್ಥೆಯು ಡ್ಯಾಜ್ಲರ್ ಎಂಬ ಮಾಲೆಯ ಮೊದಲ ಸಂಚಿಕೆಯನ್ನು ಪತ್ರಿಕಾ ಕಟ್ಟೆಗಳಿಗೆ ಕಳಿಸದೆ ಈ ಅಂಗಡಿಗಳಿಗಾಗಿ ಮಾತ್ರವೇ ಹೊರತಂದಿತು. 4 ಲಕ್ಷಕ್ಕೂ ಹೆಚ್ಚು ಪ್ರತಿಗಳು ಹೋದವು. ಇದಕ್ಕಿಂತ ಮುಖ್ಯವಾದುದು 1984ರ ಇನ್ನೊಂದು ಘಟನೆ. ಕೆವಿನ್ ಈಸ್ಟ್‌ಮನ್ ಮತ್ತು ಪೀಟರ್ ಲೇರ್ಡ್ ಎಂಬ ಇಬ್ಬರು ತರುಣರು ನಾಲ್ಕು ಆಮೆಗಳ ವಿಚಿತ್ರ ಸಾಹಸವೊಂದನ್ನು ಕಪ್ಪುಬಿಳುಪಿನಲ್ಲಿ ಬರೆದು ತಾವೇ ಸುಮಾರು 3,000 ಪ್ರತಿಗಳನ್ನು ಅಚ್ಚು ಹಾಕಿಸಿದರು. ಯಾವ ಪತ್ರಿಕಾ ಕಟ್ಟೆಯವನೂ ಅದನ್ನು ಮುಟ್ಟುತ್ತಿರಲಿಲ್ಲ. ಹೆಸರಿಲ್ಲದವರ ಪುಸ್ತಕವನ್ನು ತಮ್ಮ ಹಣ ಹಾಕಿ ತರಿಸಿದವರು ಚಿಕ್ಕ ಅಂಗಡಿಕಾರರು. ಆ ಆಮೆಗಳು ಮುಂದೆ ಚಲಚ್ಚಿತ್ರಗಳಿಗೂ ಏರಿ ಲೋಕವನ್ನೆಲ್ಲ ಸುತ್ತಿದವು.

ಅಂಗಡಿಕಾರರೆಲ್ಲರೂ ವಿವೇಕಿಗಳಾಗಿಯೇ ಉಳಿದರೆಂದು ಹೇಳುವಂತಿಲ್ಲ. 1990ರ ದಶಕದ ಆರಂಭದಲ್ಲಿ ಹಳೆಯ ಸಂಚಿಕೆಗಳಿಗೆ ಬಂದ ಬೆಲೆಯನ್ನು ಕಂಡು, ಹೊಸ ಸಂಚಿಕೆಗಳೂ ನಾಳೆ ಚಿನ್ನವಾಗುವುವೆಂಬ ಭ್ರಮೆ ಹಬ್ಬಿತು. 1992ರ ನವೆಂಬರಿನಲ್ಲಿ ಸೂಪರ್‌ಮ್ಯಾನ್ ಮಡಿಯುವ ಸಂಚಿಕೆಯು ಕಪ್ಪು ಚೀಲದಲ್ಲಿ ಬಂದಾಗ ಜನರು ಸಾಲುಗಟ್ಟಿ ಕೊಂಡರು. ಅನೇಕರು ಚೀಲವನ್ನು ಬಿಚ್ಚಿ ಓದಲೇ ಇಲ್ಲ. ಹಳೆಯ ಸಂಚಿಕೆ ದುಬಾರಿಯಾದುದು ಹೆಚ್ಚಿನವರು ಅದನ್ನು ಎಸೆದಿದ್ದರಿಂದ. ಎಲ್ಲರೂ ಕಾಪಾಡಿಟ್ಟುಕೊಂಡ ವಸ್ತುವಿಗೆ ಬೆಲೆ ಎಲ್ಲಿಂದ ಬರಬೇಕು? ಭ್ರಮೆ ಹರಿದಾಗ ಮಾರಾಟವಾಗದ ರಾಶಿಗಳು ಅಂಗಡಿಗಳಲ್ಲಿಯೇ ಉಳಿದವು, ಹಿಂದಿರುಗಿಸಲು ದಾರಿಯಿರಲಿಲ್ಲ. ಸಾವಿರಾರು ಅಂಗಡಿಗಳು ಮುಚ್ಚಿದವು. ಇನ್ನೊಂದು ಕೆಡುಕೂ ಒಳಗೊಳಗೇ ಬೆಳೆದಿತ್ತು. ಬೀದಿಯ ಕಟ್ಟೆಗಳಲ್ಲಿ ಪುಸ್ತಕ ದೊರೆಯುವುದು ಕಡಿಮೆಯಾದಂತೆ, ದಾರಿಹೋಕ ಬಾಲಕ ಬಾಲಕಿಯರ ಕಣ್ಣಿಗೆ ಅದು ಬೀಳುವುದೂ ಕಡಿಮೆಯಾಯಿತು. ಹಲವು ಅಂಗಡಿಗಳು ಬಲ್ಲವರ ಮನೆಯಂತಾಗಿ, ಹೊಸಬರು ಹೊಸ್ತಿಲಲ್ಲಿಯೇ ಹಿಂಜರಿಯುವಂತಾಯಿತು.

ಇದಕ್ಕೆ ಒಂದು ಪರಿಹಾರವನ್ನು ಕಂಡುಹಿಡಿದವರು ಯಾವ ದೊಡ್ಡ ಸಂಸ್ಥೆಯವರೂ ಅಲ್ಲ. ಕ್ಯಾಲಿಫೋರ್ನಿಯದ ಕಾಂಕರ್ಡ್ ನಗರದಲ್ಲಿ ಅಂಗಡಿ ನಡೆಸುತ್ತಿದ್ದ ಜೋ ಫೀಲ್ಡ್. ಅವರ ಅಂಗಡಿಯ ಬಳಿಯಲ್ಲೇ ಐಸ್‌ಕ್ರೀಮಿನ ಅಂಗಡಿಯೊಂದಿತ್ತು. ಪುಕ್ಕಟೆ ಐಸ್‌ಕ್ರೀಮ್ ಹಂಚಿದ ದಿನ ಅಲ್ಲಿ ನೆರೆದ ಜನರ ಸಾಲನ್ನು ಕಂಡ ಅವರಿಗೆ, ಚಿತ್ರಕಥೆಗಳನ್ನೂ ಹೀಗೇಕೆ ಹಂಚಬಾರದೆಂದು ತೋರಿತು. ಅವರ ಸಲಹೆಯ ಫಲವಾಗಿ 2002ರ ಮೇ 4ರಂದು ಮೊದಲ ಉಚಿತ ಕಾಮಿಕ್ಸ್ ದಿನ ನಡೆಯಿತು. ಬಂದವರಿಗೆ ಪುಸ್ತಕ ಉಚಿತ, ಅಂಗಡಿಕಾರನಿಗೆ ಉಚಿತವಲ್ಲ. ಅಲ್ಪವಾದರೂ ಪ್ರತಿಯೊಂದಕ್ಕೂ ಹಣ ತೆತ್ತು ಅವನು ತರಿಸಬೇಕಾಗಿತ್ತು. ಆ ದಿನ ತಂದೆತಾಯಿಗಳ ಕೈಹಿಡಿದು ಬಂದ ಮಗುವು ಮತ್ತೊಮ್ಮೆ ಬರುವುದೆಂಬ ಭರವಸೆಯೊಂದೇ ಅದರ ಪ್ರತಿಫಲ.

2020ರ ವಸಂತದಲ್ಲಿ ಸಾಂಕ್ರಾಮಿಕ ರೋಗದ ಕಾರಣ ಹೊಸ ಸಂಚಿಕೆಗಳ ವಿತರಣೆಯು ಹಲವು ವಾರಗಳ ಕಾಲ ನಿಂತುಹೋಯಿತು. ಆ ವರ್ಷವೇ ಡಿಸಿ ಸಂಸ್ಥೆಯೂ ಮರುವರ್ಷ ಮಾರ್ವೆಲ್ ಸಂಸ್ಥೆಯೂ ಹಳೆಯ ವಿತರಕನನ್ನು ಬಿಟ್ಟು ಬೇರೆಯವರೊಡನೆ ಒಪ್ಪಂದ ಮಾಡಿಕೊಂಡವು. ಅದುವರೆಗೆ ವ್ಯಾಪಾರದ ಬಹುಪಾಲನ್ನು ತಾನೊಬ್ಬನೇ ನಿರ್ವಹಿಸುತ್ತಿದ್ದ ಡೈಮಂಡ್ ಎಂಬ ಆ ವಿತರಣಾ ಸಂಸ್ಥೆಯು 2025ರ ಜನವರಿಯಲ್ಲಿ ದಿವಾಳಿಯ ಅರ್ಜಿ ಸಲ್ಲಿಸಿತು. ಒಂದೇ ಪಟ್ಟಿಯನ್ನು ಓದಿ ಬೇಡಿಕೆ ಕಳಿಸುತ್ತಿದ್ದ ಅಂಗಡಿಕಾರನು ಹಲವರ ಪಟ್ಟಿಗಳನ್ನು ಬೇರೆ ಬೇರೆಯಾಗಿ ಓದಿ, ಹಲವು ಸಾಗಣೆವೆಚ್ಚಗಳನ್ನು ತೆತ್ತು, ಯಾವ ಸಂಚಿಕೆಗೆ ಎಷ್ಟು ಪ್ರತಿ ಎಂಬ ಅದೇ ಹಳೆಯ ಲೆಕ್ಕಕ್ಕೆ ಮತ್ತೆ ಕುಳಿತನು.