ಪೂರ್ಣ ಗ್ರಹಣ ಎಲ್ಲರಿಗೂ ಪೂರ್ಣವಲ್ಲ

ಗ್ರಹಣ ಹತ್ತಿರ ಬಂತೆಂದರೆ ಚಿಕಿತ್ಸಾಲಯದಲ್ಲಿ ಎರಡು ಪ್ರಶ್ನೆಗಳು ತಪ್ಪದೆ ಎದುರಾಗುತ್ತವೆ. ಬಸುರಿ ಸೊಸೆಗೆ ಊಟ ಕೊಡಬಹುದೇ? ಬರಿಗಣ್ಣಿನಿಂದ ನೋಡಬಹುದೇ? ಮೊದಲನೆಯದಕ್ಕೆ ಉತ್ತರ ಸುಲಭ: ಧಾರಾಳವಾಗಿ ಕೊಡಿ. ಗ್ರಹಣದಿಂದ ಮಗುವಿಗೆ ಸೀಳುತುಟಿ ಬರುವುದಿಲ್ಲ. ತುಂಬು ಬಸುರಿಯನ್ನು ನೀರೂ ಕೊಡದೆ ಕೋಣೆಯಲ್ಲಿ ಕೂರಿಸಿದರೆ ತಲೆಸುತ್ತು ಬಂದೀತು. ಎರಡನೆಯದಕ್ಕೆ ಮಾತ್ರ ನಾನು ಮರುಪ್ರಶ್ನೆ ಹಾಕುತ್ತೇನೆ: ಆ ಹೊತ್ತಿಗೆ ನೀವು ಯಾವ ಊರಿನಲ್ಲಿರುತ್ತೀರಿ?

ಚಂದ್ರನ ದಟ್ಟ ನೆರಳು ಭೂಮಿಯ ಮೇಲೆ ಒಂದು ಕಿರಿದಾದ ಪಟ್ಟಿಯಲ್ಲಷ್ಟೇ ಹಾದುಹೋಗುತ್ತದೆ. 1980ರ ಫೆಬ್ರವರಿ 16ರಂದು ಆ ಪಟ್ಟಿ ಅಂಕೋಲಾ, ರಾಯಚೂರುಗಳ ಮೇಲೆ ಹಾದಿತ್ತು. ಬೆಂಗಳೂರಿಗೆ ದಕ್ಕಿದ್ದು ಪಾರ್ಶ್ವಗ್ರಹಣ ಮಾತ್ರ. 2027ರ ಆಗಸ್ಟ್ 2ರದ್ದು ದಕ್ಷಿಣ ಸ್ಪೇನ್, ಉತ್ತರ ಆಫ್ರಿಕಾ, ಈಜಿಪ್ಟಿನ ಲಕ್ಸರ್, ಸೌದಿಯ ಜೆಡ್ಡಾ ಮತ್ತು ಮೆಕ್ಕಾದವರ ಪಾಲಿನದು. ಲಕ್ಸರ್‌ನಲ್ಲಿ ಆರು ನಿಮಿಷಕ್ಕೂ ಮಿಕ್ಕಿ ಸೂರ್ಯ ಪೂರ್ತಿ ಮರೆ. ಕರ್ನಾಟಕಕ್ಕೆ ಅಂದು ಇಳಿಹೊತ್ತಿನ ಪಾರ್ಶ್ವಗ್ರಹಣವಷ್ಟೇ.

ನನ್ನ ಆತಂಕ ಇಲ್ಲೇ ಇರುವುದು. ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಸೌದಿಯಲ್ಲಿದ್ದಾರೆ. "ಕನ್ನಡಕ ತೆಗೆದೇ ನೋಡಿದೆವು, ಏನೂ ಆಗಲಿಲ್ಲ" ಎಂದು ಜೆಡ್ಡಾದಿಂದ ಫೋನು ಬಂದರೆ ಅದು ಸುಳ್ಳಲ್ಲ. ಸೂರ್ಯ ಪೂರ್ತಿ ಮುಚ್ಚಿರುವ ಆ ಕೆಲವು ನಿಮಿಷ ಬರಿಗಣ್ಣಿಗೆ ಅಪಾಯವಿಲ್ಲ. ಆದರೆ ಆ ಮಾತನ್ನು ನಂಬಿ ಮಂಗಳೂರಿನಲ್ಲೋ, ರಿಯಾದಿನಲ್ಲೋ, ದುಬೈಯಲ್ಲೋ ತಲೆಯೆತ್ತಿದವರ ಗತಿ ಬೇರೆ. ನೂರಕ್ಕೆ 99 ಪಾಲು ಮುಚ್ಚಿದ್ದರೂ ಉಳಿದ ಕೂದಲೆಳೆಯಷ್ಟು ಸೂರ್ಯ ಸಾಕು.

ಬೆಳಕು ಕಡಿಮೆಯಾದಾಗ ಕಣ್ಣು ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಮಸೂರವು ಕಿರಣಗಳನ್ನು ಅಕ್ಷಿಪಟದ ಮೇಲೆ ಒಟ್ಟುಗೂಡಿಸುತ್ತದೆ. ಅಕ್ಷಿಪಟಕ್ಕೋ ನೋವೇ ತಿಳಿಯದು. ಹುಡುಗ ನಗುನಗುತ್ತಾ ಮನೆಗೆ ಬರುತ್ತಾನೆ. ಕೆಲವು ಗಂಟೆಗಳ ನಂತರ, ಇಲ್ಲವೇ ಮರುದಿನ, ಪುಸ್ತಕ ಬಿಡಿಸಿದರೆ ಓದುವ ಅಕ್ಷರದ ಮೇಲೆಯೇ ಒಂದು ಮಸುಕು ಚುಕ್ಕೆ. ಕೆಲವರಲ್ಲಿ ಇದು ತಿಂಗಳುಗಳಲ್ಲಿ ಸುಧಾರಿಸುತ್ತದೆ, ಕೆಲವರಲ್ಲಿ ಹಾಗೇ ಉಳಿಯುತ್ತದೆ. ಖಚಿತವಾದ ಔಷಧ ಇಲ್ಲ.

ಎಕ್ಸ್-ರೇ ಫಿಲ್ಮು, ಮಸಿ ಹಿಡಿಸಿದ ಗಾಜು, ಕೂಲಿಂಗ್ ಗ್ಲಾಸು, ಸಗಣಿ ನೀರಿನ ಬಿಂಬ ಯಾವುದೂ ಬೇಡ. ಐಎಸ್‌ಒ 12312-2 ಗುಣಮಟ್ಟದ, ಗೀರು ಬೀಳದ ಗ್ರಹಣ ಕನ್ನಡಕವಿರಲಿ. ಅದನ್ನು ಹಾಕಿಕೊಂಡು ಬೈನಾಕ್ಯುಲರ್ ಹಿಡಿಯಬೇಡಿ. ಅದೂ ಸಿಗದಿದ್ದರೆ ಸೂರ್ಯನಿಗೆ ಬೆನ್ನು ಮಾಡಿ ತೂತಿನ ಜರಡಿ ಹಿಡಿಯಿರಿ, ನೆಲದ ಮೇಲೆ ಹತ್ತಾರು ಪುಟ್ಟ ಗ್ರಹಣಗಳು ಮೂಡುತ್ತವೆ. ಮಕ್ಕಳಿಗೆ ಇದೇ ಹೆಚ್ಚು ಖುಷಿ.

2031ರ ಮೇ 21ರಂದು ಕೇರಳ, ತಮಿಳುನಾಡುಗಳಲ್ಲಿ ಕಾಣುವುದು ಕಂಕಣ ಗ್ರಹಣ. ಅದರಲ್ಲಿ ಸೂರ್ಯನ ಅಂಚು ಉಳಿದೇ ಇರುತ್ತದೆ, ಕನ್ನಡಕ ತೆಗೆಯುವ ಕ್ಷಣವೇ ಇಲ್ಲ. ಭಾರತದ ನೆಲದಲ್ಲೇ ಪೂರ್ಣಗ್ರಹಣ ನೋಡಬೇಕೆನ್ನುವವರು 2034ರ ಮಾರ್ಚ್ 20ಕ್ಕೆ ಲಡಾಖಿನ ಕಾರ್ಗಿಲ್ ಕಡೆ ಹೋಗಬೇಕು. ಸುಮಾರು 2,700 ಮೀಟರ್ ಎತ್ತರದ ಊರು. ಉಬ್ಬಸ, ಹೃದಯದ ತೊಂದರೆ ಇರುವವರು ಟಿಕೆಟ್ ತೆಗೆಯುವ ಮೊದಲು ನಿಮ್ಮ ವೈದ್ಯರನ್ನೊಮ್ಮೆ ಕಾಣಿ.